ಕೆಇಎಯವರೇ, ಫೀ ತೋರಿಸುವ ಕಡೆ ಸಂಬಳವನ್ನೂ ತೋರಿಸಿ

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕಾರ್ಯನಿರ್ವಾಹಕ ನಿರ್ದೇಶಕರಿಗೆ, ಜೊತೆಗೆ ಉನ್ನತ ಶಿಕ್ಷಣ ಇಲಾಖೆಯವರಿಗೆ ನಮಸ್ಕಾರ.

ಈ ಪತ್ರ ಬರೆಯಲು ಕಾರಣ ನನ್ನ ಚಿಕ್ಕಮ್ಮನ ಮಗ. ಅವನಿಗೆ ಸಿಇಟಿಯಲ್ಲಿ ಬಂದಿರುವುದು ತುಂಬಾ ಒಳ್ಳೆಯ ರ್‍ಯಾಂಕೂ ಅಲ್ಲ, ಕೆಟ್ಟದ್ದೂ ಅಲ್ಲ. ಊರಿನ ಸೈಬರ್ ಸೆಂಟರಲ್ಲಿ ಕೂತು ಆಪ್ಷನ್ ಎಂಟ್ರಿ ಮಾಡುತ್ತಾ ಫೋನ್ ಮಾಡಿದ. 'ಅಕ್ಕಾ, ಯಾವ ಕಾಲೇಜು ಮೊದಲು ಹಾಕಲಿ?' ಅಂದ. ನಾನು ಏನಾದರೂ ಹೇಳುವುದರೊಳಗೆ ಪಕ್ಕದಲ್ಲಿದ್ದ ಚಿಕ್ಕಪ್ಪ ಫೋನ್ ತೆಗೆದುಕೊಂಡರು. 'ಅಲ್ಲ ಕಣಮ್ಮ, ಹೈವೇಲಿ ಫ್ಲೆಕ್ಸ್ ಹಾಕಿದಾರಲ್ಲ, ನಲವತ್ತೆಂಟು ಲಕ್ಷದ ಪ್ಯಾಕೇಜ್ ಅಂತ, ಅದನ್ನೇ ಮೊದಲು ಹಾಕ್ಸೋಣ ಅಲ್ವಾ?' ಸೈಬರ್ ಸೆಂಟರಿನ ಹುಡುಗ ಹಿಂದಿನಿಂದ ಇನ್ನೊಂದು ಕಾಲೇಜಿನ ಹೆಸರು ಹೇಳುತ್ತಿದ್ದ. ಅವನಿಗೆ ಆ ಕಾಲೇಜಿನ ಏಜೆಂಟನ ಪರಿಚಯ ಇರಬಹುದು, ಇಲ್ಲದೆಯೂ ಇರಬಹುದು, ಗೊತ್ತಿಲ್ಲ.

ಆ ಹೊತ್ತಿಗೆ ನಿಮ್ಮ ಪರದೆ ಮೇಲೆ ಏನಿತ್ತು ಹೇಳಿ. ಕಾಲೇಜಿನ ಕೋಡ್, ಹೆಸರು, ಬ್ರಾಂಚ್, ಫೀ. ಅಷ್ಟೇ. ನಾಲ್ಕು ವರ್ಷ ಓದಿ ಹೊರಗೆ ಬಂದವರಿಗೆ ಏನು ಸಿಕ್ಕಿತು ಅನ್ನುವುದು ಎಲ್ಲೂ ಇರಲಿಲ್ಲ. ಕೊಡುವ ದುಡ್ಡು ಎಷ್ಟು ಅಂತ ಪೈಸೆಗೆ ಪೈಸೆ ಹೇಳುತ್ತೀರಿ, ಅದರಿಂದ ಬರುವುದೆಷ್ಟು ಅಂತ ಹೇಳುವ ಕೆಲಸವನ್ನು ಹೈವೇ ಪಕ್ಕದ ಫ್ಲೆಕ್ಸಿಗೆ ಬಿಟ್ಟಿದ್ದೀರಿ. ನನ್ನ ತಕರಾರು ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ಮೊದಲು ನನ್ನದೇ ಲೆಕ್ಕ ಹೇಳುತ್ತೇನೆ. ಹೇಳಿಕೊಳ್ಳಲು ನಾಚಿಕೆ ಏನಿಲ್ಲ. ನಾನು 2015ರಲ್ಲಿ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜು ಸೇರಿದೆ. ಹೆಸರು ಬೇಡ. 'ಕೆರಿಯರ್‌ಗೆ ನೇರ ದಾರಿ' ಅನ್ನುವ ಧಾಟಿಯ ಮಾತು ಅವರ ಬ್ರೋಷರ್ ತುಂಬಾ ಇತ್ತು. ವರ್ಷಕ್ಕೆ ಒಂದೂವರೆ ಲಕ್ಷದಂತೆ ನಾಲ್ಕು ವರ್ಷಕ್ಕೆ ಆರು ಲಕ್ಷ ಸಾಲ, ಬಡ್ಡಿ ಶೇ 11. ಏಳೂವರೆ ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಅಡಮಾನ ಬೇಡ ಅಂತ ನಿಯಮ ಇದ್ದರೂ ಮ್ಯಾನೇಜರು ತೋಟದ ಪಹಣಿ ತನ್ನಿ ಅಂದರು, ಅಪ್ಪ ತಂದರು. ಓದುವಾಗ ಕಂತು ಇಲ್ಲ, ಓದು ಮುಗಿದ ಮೇಲೂ ಒಂದು ವರ್ಷ ಇಲ್ಲ. ಕೇಳಲು ಹಿತವಾಗಿರುತ್ತದೆ. ಆದರೆ ಬಡ್ಡಿ ಸುಮ್ನೆ ಕೂತಿರುವುದಿಲ್ಲ. ಮೊದಲ ವರ್ಷ ತೆಗೆದ ಒಂದೂವರೆ ಲಕ್ಷಕ್ಕೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು, ಕೊನೆಯದಕ್ಕೆ ಎರಡು. ಸರಳ ಬಡ್ಡಿ ಹಾಕಿದರೂ 2 ಲಕ್ಷ 31 ಸಾವಿರ ಆಯಿತು. 2020ರ ಸೆಪ್ಟೆಂಬರ್‌ನಲ್ಲಿ, ಕೊರೊನಾ ನಡುವೆ, ಕಂತು ಶುರುವಾದಾಗ ನನ್ನ ತಲೆ ಮೇಲಿದ್ದದ್ದು ಆರು ಲಕ್ಷವಲ್ಲ, 8 ಲಕ್ಷ 31 ಸಾವಿರ. ಹತ್ತು ವರ್ಷಕ್ಕೆ ತಿಂಗಳಿಗೆ ಹತ್ತಿರಹತ್ತಿರ ₹11,450. ಕೈಗೆ ಬರುತ್ತಿದ್ದ ಸಂಬಳ ಇಪ್ಪತ್ತೊಂದು ಸಾವಿರ ಚಿಲ್ಲರೆ. ಪಿಜಿ ಬಾಡಿಗೆ ಕಟ್ಟಿದ ಮೇಲೆ ಉಳಿಯುತ್ತಿದ್ದದ್ದು ಬಸ್ ಪಾಸಿಗೆ ಮತ್ತು ಫೋನ್ ರೀಚಾರ್ಜಿಗೆ. ಎಷ್ಟೋ ತಿಂಗಳು ಅಪ್ಪನೇ ಕೊಬ್ಬರಿ ಮಾರಿದ ದುಡ್ಡಲ್ಲಿ ಅರ್ಧ ಕಂತು ಕಟ್ಟಿದ್ದಾರೆ. 2030ಕ್ಕೆ ಸಾಲ ಮುಗಿಯುವಾಗ ಆರು ಲಕ್ಷಕ್ಕೆ ಹದಿಮೂರೂಮುಕ್ಕಾಲು ಲಕ್ಷದ ಹತ್ತಿರ ಕಟ್ಟಿರುತ್ತೇನೆ.

ಈಗ ನನ್ನ ಪರಿಸ್ಥಿತಿ ಕೆಟ್ಟದಾಗಿಲ್ಲ, ಅದನ್ನೂ ಹೇಳಬೇಕು. ಎರಡು ಕಂಪನಿ ಬದಲಾಯಿಸಿದೆ, ಸಂಬಳ ಏರಿತು, ಈಗ ಕಂತು ಭಾರ ಅನ್ನಿಸುವುದಿಲ್ಲ. ಓದಿದ್ದು ತಪ್ಪು ಅಂತ ಒಂದು ದಿನವೂ ಅನ್ನಿಸಿಲ್ಲ. ಆದರೆ ಈ ಲೆಕ್ಕ ಯಾರಾದರೂ 2015ರಲ್ಲೇ ಹೇಳಿದ್ದರೆ, ಅದೇ ಬ್ರಾಂಚಿಗೆ ಸರ್ಕಾರಿ ಕಾಲೇಜಲ್ಲಿ ಸಿಗುತ್ತಿದ್ದ ಸೀಟನ್ನು 'ಪ್ಲೇಸ್‌ಮೆಂಟ್ ಇಲ್ಲವಂತೆ' ಅನ್ನುವ ಒಂದೇ ಮಾತಿಗೆ ಬಿಡುತ್ತಿರಲಿಲ್ಲ. ಆ 'ಅಂತೆ'ಗೆ ನಾನು ತೆತ್ತ ಬೆಲೆ ಕಡಿಮೆ ಏನಲ್ಲ.

ಇನ್ನು ಫ್ಲೆಕ್ಸಿನ ಮಾತು. ನಲವತ್ತೆಂಟು ಲಕ್ಷದ ಪ್ಯಾಕೇಜ್ ಸುಳ್ಳು ಅಂತ ನಾನು ಹೇಳುವುದಿಲ್ಲ. ಒಬ್ಬ ಹುಡುಗನಿಗೋ ಹುಡುಗಿಗೋ ಬಂದಿರುತ್ತದೆ, ಎಷ್ಟೋ ಸಲ ಅವರು ಕ್ಯಾಂಪಸ್ಸಿನ ಆಚೆ ತಾವಾಗಿಯೇ ಕೋಡಿಂಗ್ ಸ್ಪರ್ಧೆಯಲ್ಲಿ ಗೆದ್ದು ಗಳಿಸಿಕೊಂಡದ್ದು. ಆದರೆ ಹತ್ತು ಜನರಲ್ಲಿ ಒಬ್ಬರಿಗೆ 40 ಲಕ್ಷ, ಒಂಬತ್ತು ಜನರಿಗೆ ಮೂರೂವರೆ ಲಕ್ಷ ಬಂದರೆ ಸರಾಸರಿ 7 ಲಕ್ಷ 15 ಸಾವಿರ ಆಗುತ್ತದೆ. ಆ ಹತ್ತರಲ್ಲಿ ಏಳು ಲಕ್ಷ ಕಂಡವರು ಒಬ್ಬರೂ ಇಲ್ಲ! ಅದಕ್ಕೇ ನಾನು ಕೇಳುತ್ತಿರುವುದು ಸರಾಸರಿ ಅಲ್ಲ, ನಡುವಿನ ಸಂಬಳ, ಇಂಗ್ಲಿಷಿನವರು ಮೀಡಿಯನ್ ಅನ್ನುತ್ತಾರಲ್ಲ, ಅದು. ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿ ಸರಿಯಾಗಿ ಮಧ್ಯದಲ್ಲಿ ನಿಂತವರಿಗೆ ಎಷ್ಟು ಅಂತ ಕೇಳುವುದು. ನನ್ನ ತಮ್ಮ ನಾಳೆ ನಿಲ್ಲುವುದು ಹೆಚ್ಚುಕಡಿಮೆ ಅಲ್ಲೇ.

'ಶೇ 95 ಪ್ಲೇಸ್‌ಮೆಂಟ್' ಅನ್ನುವುದು ಇನ್ನೊಂದು ಚಮತ್ಕಾರ. ಶೇ 95 ಯಾರಲ್ಲಿ? ಸೇರಿದವರಲ್ಲಲ್ಲ, ಪಾಸಾದವರಲ್ಲೂ ಅಲ್ಲ. ಎಸ್ಸೆಸ್ಸೆಲ್ಸಿಯಿಂದ ಹಿಡಿದು ಎಲ್ಲದರಲ್ಲೂ ಶೇ 60 ಇದ್ದು, ಒಂದೂ ಬ್ಯಾಕ್‌ಲಾಗ್ (ಫೇಲಾಗಿ ಉಳಿದ ವಿಷಯ) ಇಲ್ಲದೆ, ಪ್ಲೇಸ್‌ಮೆಂಟಿಗೆ ಹೆಸರು ಕೊಟ್ಟ 'ಎಲಿಜಿಬಲ್' ಮಕ್ಕಳಲ್ಲಿ. ಉಳಿದವರು ಲೆಕ್ಕಕ್ಕೇ ಬರುವುದಿಲ್ಲ. ಒಬ್ಬಳಿಗೇ ಮೂರು ಆಫರ್ ಬಂದರೆ ಮೂರು ಅಂತ ಎಣಿಸುವ ಕಾಲೇಜುಗಳೂ ಇವೆ. ಆಫರ್ ಲೆಟರ್ ಕೈಗೆ ಬಂತು ಅಂದರೆ ಕೆಲಸ ಸಿಕ್ಕಿತು ಅಂತಲೂ ಅಲ್ಲ. 2022ರಲ್ಲಿ ದೊಡ್ಡ ಐಟಿ ಕಂಪನಿಯ ಲೆಟರ್ ಹಿಡಿದುಕೊಂಡು ಎರಡು ವರ್ಷ ಜಾಯ್ನಿಂಗ್ ಡೇಟಿಗೆ ಕಾದ ಮಕ್ಕಳ ಸುದ್ದಿ ನೀವೂ ಪೇಪರಲ್ಲಿ ಓದಿರುತ್ತೀರಿ. ಕಾಲೇಜಿನ ಪಟ್ಟಿಯಲ್ಲಿ ಅವರೆಲ್ಲ 'ಪ್ಲೇಸ್ಡ್'. ಬ್ಯಾಂಕಿಗೆ ಮಾತ್ರ ಆಫರ್ ಲೆಟರ್ ತೋರಿಸಿ ಕಂತು ಕಟ್ಟಲಾಗುವುದಿಲ್ಲ.

ಮೇಲಿಂದ ಸಿಟಿಸಿ ಅನ್ನುವ ಪದ, ಅಂದರೆ ಒಬ್ಬ ಕೆಲಸಗಾರನ ಮೇಲೆ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು. ವರ್ಷಕ್ಕೆ 3.6 ಲಕ್ಷ ಅಂದರೆ ಚಿಕ್ಕಪ್ಪ ಹನ್ನೆರಡರಿಂದ ಭಾಗಿಸಿ ತಿಂಗಳಿಗೆ ಮೂವತ್ತು ಸಾವಿರ ಅಂತ ಖುಷಿಯಾಗುತ್ತಾರೆ. ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ಇನ್ಶೂರೆನ್ಸ್, ವರ್ಷದ ಕೊನೆಗೆ ಬಂದರೂ ಬಂತು ಇಲ್ಲದಿದ್ದರೆ ಇಲ್ಲ ಅನ್ನುವ ವೇರಿಯಬಲ್, ಇವೆಲ್ಲ ಕಳೆದು ಇಪ್ಪತ್ತೈದು ಸಾವಿರದ ಆಸುಪಾಸು ಕೈಗೆ ಬರುತ್ತದೆ. ಇನ್ನೊಂದು ವಿಷಯ. ಜಾಸ್ತಿ ಮಕ್ಕಳನ್ನು ತೆಗೆದುಕೊಳ್ಳುವ ದೊಡ್ಡ ಐಟಿ ಕಂಪನಿಗಳಲ್ಲಿ ಹೊಸಬರ ಸಂಬಳ ಹತ್ತು ವರ್ಷದ ಹಿಂದೆಯೂ ಮೂರು ಮೂರೂವರೆ ಲಕ್ಷವೇ ಇತ್ತು, ಇವತ್ತೂ ಹೆಚ್ಚುಕಡಿಮೆ ಅಲ್ಲೇ ಕೂತಿದೆ. ಫೀ ಮಾತ್ರ ಹಾಗೆ ಕೂತಿಲ್ಲ, ಅದು ನಿಮಗೇ ಗೊತ್ತು, ಸರ್ಕಾರವೇ ಕಾಲೇಜುಗಳ ಜೊತೆ ಕೂತು ಏರಿಸಿದ್ದು.

ತಮ್ಮನಿಗೆ ನಿಮ್ಮಲ್ಲಿ ಒಳ್ಳೆಯ ಸೀಟು ಸಿಗದಿದ್ದರೆ ಕಾಮೆಡ್-ಕೆ (ಖಾಸಗಿ ಕಾಲೇಜುಗಳ ಒಕ್ಕೂಟ ನಡೆಸುವ ಪ್ರವೇಶ ಪರೀಕ್ಷೆ) ಸೀಟು ಕೊಡಿಸೋಣ ಅನ್ನುವುದು ಚಿಕ್ಕಪ್ಪನ ಯೋಚನೆ. ಅಲ್ಲಿ ವರ್ಷದ ಫೀ ಎಷ್ಟೋ ಕಡೆ ಎರಡು ಲಕ್ಷ ದಾಟುತ್ತದೆ, ಹಾಸ್ಟೆಲ್ ಬೇರೆ. ಹತ್ತು ಲಕ್ಷ ಸಾಲ ಮಾಡಿದರು ಅಂತಿಟ್ಟುಕೊಳ್ಳಿ, ಬಡ್ಡಿ ಶೇ 10. ಓದು ಮುಗಿದು ಕಂತು ಶುರುವಾಗುವ ಹೊತ್ತಿಗೆ ಅದು ಹದಿಮೂರೂವರೆ ಲಕ್ಷ ಆಗಿರುತ್ತದೆ. ಹತ್ತು ವರ್ಷಕ್ಕೆ ಹಾಕಿಸಿಕೊಂಡರೆ ತಿಂಗಳಿಗೆ ₹17,800 ಚಿಲ್ಲರೆ, ಹದಿನೈದು ವರ್ಷಕ್ಕೆ ಎಳೆದರೂ ₹14,500. ಕೈಗೆ ಬರುವುದು ಇಪ್ಪತ್ತೈದು ಸಾವಿರ. ಬೆಂಗಳೂರಲ್ಲಿ ಇರಬೇಕು, ಉಣ್ಣಬೇಕು. ಇದನ್ನು ಹೇಳಿದಾಗ ಚಿಕ್ಕಪ್ಪ ಸುಮಾರು ಹೊತ್ತು ಸುಮ್ಮನಾದರು. ಆಮೇಲೆ 'ಹಂಗಾದ್ರೆ ಯಾರೂ ಓದೋದೇ ಬೇಡ್ವಾ?' ಅಂದರು. ಓದಬೇಡ ಅಂತ ಅಲ್ಲ ಚಿಕ್ಕಪ್ಪ, ಎಲ್ಲಿ ಓದಿದರೆ ಈ ಲೆಕ್ಕ ಕೂಡುತ್ತದೆ ಅಂತ ನೋಡಿ ಓದಬೇಕು ಅಂದೆ. 'ಎಲ್ಲಿ ನೋಡೋದು?' ಅಂತ ಕೇಳಿದರು. ಅಲ್ಲಿ ನನ್ನ ಬಾಯಿ ಕಟ್ಟಿತು.

ನೋಡಲು ಏನೂ ಇಲ್ಲ ಅಂತಲ್ಲ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಶ್ರೇಯಾಂಕ 2016ರಿಂದ ಬರುತ್ತಿದೆ. ಅದಕ್ಕೆ ಕಾಲೇಜುಗಳು ಕೊಡುವ ಮಾಹಿತಿಯಲ್ಲಿ ಎಷ್ಟು ಮಕ್ಕಳು ಸೇರಿದರು, ಎಷ್ಟು ಜನ ಸರಿಯಾದ ಸಮಯಕ್ಕೆ ಮುಗಿಸಿದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಎಷ್ಟು ಜನ ಮುಂದೆ ಓದಲು ಹೋದರು, ಕೆಲಸ ಸಿಕ್ಕವರ ಮೀಡಿಯನ್ ಸಂಬಳ ಎಷ್ಟು ಅನ್ನುವುದೆಲ್ಲ ಇರುತ್ತದೆ. ಒಳ್ಳೆಯ ಕೆಲಸವೇ. ಆದರೆ ಅದು ಇಂಗ್ಲಿಷ್ ಪಿಡಿಎಫ್ ಒಂದರ ನಡುವೆ ಇರುತ್ತದೆ, ಬ್ರಾಂಚ್ ಪ್ರಕಾರ ಇರುವುದಿಲ್ಲ, ಕಾಲೇಜು ತಾನೇ ಬರೆದುಕೊಟ್ಟ ಅಂಕಿ. ನನ್ನ ತಮ್ಮನ ರ್‍ಯಾಂಕಿಗೆ ಸಿಗುವ ಕಾಲೇಜುಗಳಲ್ಲಿ ಹೆಚ್ಚಿನವು ಶ್ರೇಯಾಂಕದ ಪಟ್ಟಿಯಲ್ಲೇ ಇಲ್ಲ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯದ್ದೂ ಇದೇ ಕಥೆ. ಜಾಮೀನಿಲ್ಲದ ಸಾಲ, ಎಂಟು ಲಕ್ಷದೊಳಗೆ ಆದಾಯ ಇದ್ದರೆ ಹತ್ತು ಲಕ್ಷದವರೆಗಿನ ಸಾಲಕ್ಕೆ ಶೇ 3 ಬಡ್ಡಿ ರಿಯಾಯಿತಿ, ಎಲ್ಲಾ ಚೆನ್ನಾಗಿದೆ. ಆದರೆ ಅದು ದೇಶದ ಆಯ್ದ ಸಂಸ್ಥೆಗಳಿಗೆ ಮಾತ್ರ (ಶುರುವಿನಲ್ಲಿ 860), ಅವನ್ನು ಆರಿಸಿದ್ದೂ ಎನ್‌ಐಆರ್‌ಎಫ್ ನೋಡಿಯೇ. ಒಳ್ಳೆಯ ಕಾಲೇಜಲ್ಲಿ ಸೀಟು ಸಿಕ್ಕವನಿಗೆ ಸಾಲವೂ ಸಲೀಸು, ಮಾಹಿತಿಯೂ ಸಲೀಸು. ಮಧ್ಯದಲ್ಲಿ ಸಿಕ್ಕಿಕೊಂಡವನಿಗೆ ಎರಡೂ ಇಲ್ಲ, ಜಾಸ್ತಿ ಬೇಕಿರುವುದು ಅವನಿಗೇ.

ನೀವು ಹೇಳಬಹುದು, ಈ ಅಂಕಿಅಂಶ ಎಲ್ಲಿಂದ ತರೋಣ ಅಂತ. ಸರ್, ಅದು ಸರ್ಕಾರದ ಹತ್ತಿರವೇ ಇದೆ, ಒಂದೊಂದು ಕಪಾಟಲ್ಲಿ ಒಂದೊಂದು ತುಂಡು. ಯಾರು ಯಾವ ಕಾಲೇಜಿಗೆ ಸೇರಿದರು ಅಂತ ನಿಮ್ಮಲ್ಲಿದೆ. ಯಾರು ಪಾಸಾದರು ಅಂತ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಹತ್ತಿರ ಇದೆ, ಯುಎಸ್‌ಎನ್ (ವಿದ್ಯಾರ್ಥಿಯ ನೋಂದಣಿ ಸಂಖ್ಯೆ) ಸಮೇತ. ಕೆಲಸ ಸಿಕ್ಕವರ ಪಿಎಫ್ ಖಾತೆ ಇಪಿಎಫ್‌ಒದಲ್ಲಿದೆ. ಕೆಲಸ ಸಿಗದವರದ್ದು? ಇದೇ ನನಗೆ ತಮಾಷೆ ಅನ್ನಿಸುವುದು. ಯುವನಿಧಿ ಕೊಡುತ್ತಿದ್ದೀರಲ್ಲ! ಪದವಿ ಮುಗಿದು 180 ದಿನವಾದರೂ ಕೆಲಸ ಸಿಗದವರಿಗೆ ತಿಂಗಳಿಗೆ ₹3,000, ಡಿಪ್ಲೊಮಾದವರಿಗೆ ₹1,500, ಎರಡು ವರ್ಷದವರೆಗೆ. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಮೊದಲ ಕಂತು ಹಾಕಿದಿರಿ. ಅರ್ಜಿ ಹಾಕುವಾಗ ಪದವಿ ಪ್ರಮಾಣಪತ್ರ ನೋಡುತ್ತೀರಿ. ಅಂದರೆ ಓದು ಮುಗಿಸಿ ಆರು ತಿಂಗಳಾದರೂ ಮನೆಯಲ್ಲಿ ಕೂತಿರುವ ಮಕ್ಕಳು ಯಾವ ಕಾಲೇಜಿನವರು ಅಂತ ಈ ರಾಜ್ಯದ ಸರ್ಕಾರಕ್ಕೆ ತಿಳಿದುಕೊಳ್ಳಲು ಸಾಧ್ಯ ಇದೆ. ಅದನ್ನು ಕಾಲೇಜುವಾರು ಎಣಿಸಿ ನಿಮ್ಮ ಆಪ್ಷನ್ ಎಂಟ್ರಿ ಪುಟಕ್ಕೆ ಹಾಕಿದರೆ ಅರ್ಧ ಫ್ಲೆಕ್ಸ್ ತಾನಾಗೇ ಇಳಿಯುತ್ತವೆ. ಅರ್ಜಿ ಹಾಕದವರೂ ಇರುತ್ತಾರೆ, ಪೂರ್ತಿ ಚಿತ್ರ ಸಿಗುವುದಿಲ್ಲ, ಒಪ್ಪುತ್ತೇನೆ. ಆದರೂ ಇವತ್ತು ಇರುವ ಕತ್ತಲೆಗಿಂತ ವಾಸಿ.

ಯಾರ ಹೆಸರೂ ಬೇಡ, ಯಾರ ಸಂಬಳದ ಚೀಟಿಯೂ ಬೇಡ. ಕಾಲೇಜು, ಬ್ರಾಂಚ್, ಆ ವರ್ಷ ಸೇರಿದವರು, ಮುಗಿಸಿದವರು, ನಿಜಕ್ಕೂ ಕೆಲಸಕ್ಕೆ ಸೇರಿದವರು, ಅವರ ನಡುವಿನ ಸಂಬಳ, ಪಕ್ಕದಲ್ಲಿ ನಾಲ್ಕು ವರ್ಷದ ಒಟ್ಟು ಖರ್ಚು ಮತ್ತು ಅಷ್ಟೂ ಸಾಲ ಮಾಡಿದರೆ ಬರುವ ತಿಂಗಳ ಕಂತು. ಕನ್ನಡದಲ್ಲಿ. ತೀರಾ ಕಡಿಮೆ ಮಕ್ಕಳಿರುವ ಬ್ರಾಂಚ್ ಆದರೆ ಖಾಲಿ ಬಿಡಿ, ಯಾರದ್ದು ಅಂತ ಗೊತ್ತಾಗಿಬಿಡುತ್ತದೆ. ಮೂರು ವರ್ಷ ಆದ ಮೇಲಿನ ಸಂಬಳವೂ ಸಿಕ್ಕರೆ ಇನ್ನೂ ಒಳ್ಳೆಯದು. ಯಾಕೆಂದರೆ ಸಿವಿಲ್, ಮೆಕ್ಯಾನಿಕಲ್ ಮಕ್ಕಳಿಗೆ ಶುರುವಿನಲ್ಲಿ ಕಡಿಮೆ ಬಂದರೂ ಆಮೇಲೆ ಏರುವುದನ್ನು ನನ್ನ ಜೊತೆಯವರಲ್ಲೇ ನೋಡಿದ್ದೇನೆ.

ಇದು ಎಲ್ಲೂ ಮಾಡದ ಕೆಲಸವೇನಲ್ಲ. ಅಮೆರಿಕದಲ್ಲಿ 2015ರಿಂದ ಕಾಲೇಜ್ ಸ್ಕೋರ್‌ಕಾರ್ಡ್ ಅಂತ ಸರ್ಕಾರದ್ದೇ ತಾಣ ಇದೆ, ಕಾಲೇಜಿನ ಹೆಸರು ಒತ್ತಿದರೆ ಅಲ್ಲಿ ಓದಿದವರ ಮೀಡಿಯನ್ ಸಂಪಾದನೆ, ಮೀಡಿಯನ್ ಸಾಲ ಎರಡೂ ಒಟ್ಟಿಗೆ ಬರುತ್ತವೆ. ಕಾಲೇಜಿನವರ ಬಾಯಿಮಾತಲ್ಲ, ಸರ್ಕಾರದ ತೆರಿಗೆ ದಾಖಲೆಯಿಂದ ತೆಗೆದದ್ದು. ಅಲ್ಲಿಯೂ ಅದು ಸುಮ್ನೆ ಬರಲಿಲ್ಲ. ಕೆಲಸ ಕೊಡಿಸುತ್ತೇವೆ ಅಂತ ಸಾಲ ಮಾಡಿಸಿ ಓದಿಸಿದ ಕೊರಿಂಥಿಯನ್ ಕಾಲೇಜಸ್ ಅದೇ 2015ರಲ್ಲಿ ಬಾಗಿಲು ಹಾಕಿತು, ಮರುವರ್ಷ ಐಟಿಟಿ ಟೆಕ್. ಇವರು ಹೇಳಿಕೊಂಡ ಪ್ಲೇಸ್‌ಮೆಂಟ್ ಲೆಕ್ಕದ ಬಗ್ಗೆ ವರ್ಷಗಟ್ಟಲೆ ದೂರು, ಕೇಸು ನಡೆದಿದ್ದವು. ಅಷ್ಟು ದೂರ ಯಾಕೆ, ಐಐಎಂ ಅಹಮದಾಬಾದಿನವರು ತಮ್ಮ ಪ್ಲೇಸ್‌ಮೆಂಟ್ ವರದಿಯನ್ನು ಆಡಿಟ್ ಮಾಡಿಸಿ ಹಾಕುತ್ತಾರೆ, ಗರಿಷ್ಠದ ಜೊತೆ ಕನಿಷ್ಠವೂ ಇರುತ್ತದೆ. ಅಲ್ಲಿ ಸಾಧ್ಯವಾದದ್ದು ತುಮಕೂರು ರಸ್ತೆಯ ಕಾಲೇಜಿನಲ್ಲಿ ಯಾಕೆ ಆಗಬಾರದು?

ನನಗೆ ಪಾಠ ಮಾಡಿದ ಮೇಷ್ಟ್ರೊಬ್ಬರಿಗೆ ಈ ವಿಷಯ ಹೇಳಿದೆ. ಅವರಿಗೆ ಹಿಡಿಸಲಿಲ್ಲ. 'ಸಂಬಳ ನೋಡಿ ಕಾಲೇಜು ಅಳೆದರೆ ನಮ್ಮಂಥವರು ಸತ್ತೆವು ಕಣಮ್ಮ. ನಮ್ಮಲ್ಲಿಗೆ ಬರುವುದು ಹಳ್ಳಿಯ ಕನ್ನಡ ಮೀಡಿಯಂ ಮಕ್ಕಳು, ಮೊದಲ ಸೆಮಿಸ್ಟರಲ್ಲಿ ಬಾಯೇ ಬಿಡುವುದಿಲ್ಲ. ಅವರನ್ನು ಬೆಂಗಳೂರಿನ ಮಕ್ಕಳ ಜೊತೆ ತೂಗುತ್ತೀಯಾ?' ಅಂದರು. ಈ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ಹೆಣ್ಣುಮಕ್ಕಳು ಮದುವೆಯಾಗಿ ಕೆಲಸ ಬಿಡುತ್ತಾರೆ, ಕೆಲವರು ಕೆಪಿಎಸ್‌ಸಿಗೆ ಅಂತ ನಾಲ್ಕು ವರ್ಷ ಓದುತ್ತಾ ಕೂರುತ್ತಾರೆ, ಅದಕ್ಕೆಲ್ಲ ಕಾಲೇಜು ಹೊಣೆಯಲ್ಲ. ಆದರೆ ಮೇಷ್ಟ್ರೇ, ಸೇರಿದ ಮಕ್ಕಳ ಸಿಇಟಿ ರ್‍ಯಾಂಕನ್ನೂ ಅದೇ ಸಾಲಿನಲ್ಲಿ ಹಾಕಲಿ. ತೊಂಬತ್ತು ಸಾವಿರದ ರ್‍ಯಾಂಕಿನ ಮಕ್ಕಳನ್ನು ತೆಗೆದುಕೊಂಡು ಅವರಲ್ಲಿ ಹೆಚ್ಚಿನವರನ್ನು ಮೂರೂವರೆ ಲಕ್ಷದ ಕೆಲಸಕ್ಕೆ ತಲುಪಿಸುವ ಕಾಲೇಜು, ಐದು ಸಾವಿರದ ರ್‍ಯಾಂಕಿನವರನ್ನು ತೆಗೆದುಕೊಂಡು ಅಷ್ಟನ್ನೇ ಕೊಡಿಸುವ ಕಾಲೇಜಿಗಿಂತ ದೊಡ್ಡದು ಅಂತ ಆಗ ಎಲ್ಲರಿಗೂ ಕಾಣುತ್ತದೆ. ಇವತ್ತು ನಿಮ್ಮ ಕೆಲಸ ಯಾರಿಗೂ ಕಾಣುತ್ತಿಲ್ಲ, ಫ್ಲೆಕ್ಸಿಗೆ ದುಡ್ಡಿರುವವರದ್ದು ಮಾತ್ರ ಕಾಣುತ್ತಿದೆ. ಇಷ್ಟು ಹೇಳಿದ ಮೇಲೂ ಅವರು ಪೂರ್ತಿ ಒಪ್ಪಲಿಲ್ಲ. ಫೋನ್ ಇಡುವಾಗ 'ರ್‍ಯಾಂಕ್ ಹಾಕೋದಾದ್ರೆ ನೋಡೋಣ' ಅಂದರು.

ಅವಸರ ಯಾಕೆ ಅಂದರೆ ಕಂಪ್ಯೂಟರ್ ಸೈನ್ಸ್ ಸೀಟುಗಳು. 2024-25ರಿಂದ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ ಸೀಟಿನ ಮಿತಿ ತೆಗೆಯಿತು. ಅದಾದ ಮೇಲೆ ಎಷ್ಟೋ ಕಾಲೇಜುಗಳು ಸಿಎಸ್ ಸೆಕ್ಷನ್ ಮೇಲೆ ಸೆಕ್ಷನ್ ಏರಿಸಿವೆ, ಹೆಸರು ಬದಲಿಸಿ ಎಐ, ಡೇಟಾ ಸೈನ್ಸ್ ಅಂತಲೂ. ಈಗ ಫ್ಲೆಕ್ಸಿನಲ್ಲಿರುವ ಪ್ಲೇಸ್‌ಮೆಂಟ್ ಅಂಕಿ ಬಂದಿರುವುದು ಹಳೆಯ, ಚಿಕ್ಕ ಬ್ಯಾಚುಗಳಿಂದ. ಮಿತಿ ತೆಗೆದ ಮೇಲೆ ಸೇರಿದ ದೊಡ್ಡ ಬ್ಯಾಚು ಹೊರಗೆ ಬರುವುದು 2028ಕ್ಕೆ. ಕ್ಯಾಂಪಸ್ಸಿಗೆ ಬರುವ ಕಂಪನಿಗಳೂ ಆ ಲೆಕ್ಕದಲ್ಲೇ ಜಾಸ್ತಿ ಆಗುತ್ತವೆ ಅಂತ ಯಾರೂ ಬರೆದುಕೊಟ್ಟಿಲ್ಲ. ಹಾಗಾಗಿ ಇನ್ನೊಂದು ಅಂಕಿಯನ್ನೂ ಹಾಕಿ: ನಾಲ್ಕು ವರ್ಷದ ಹಿಂದೆ ಈ ಬ್ರಾಂಚಿನಲ್ಲಿ ಸೀಟು ಎಷ್ಟಿತ್ತು, ಈಗ ಎಷ್ಟಿದೆ. ಇದಕ್ಕೆ ಯಾವ ಇಲಾಖೆಯನ್ನೂ ಕೇಳಬೇಕಾಗಿಲ್ಲ, ನಿಮ್ಮ ಸೀಟ್ ಮ್ಯಾಟ್ರಿಕ್ಸಿನಲ್ಲೇ ಇದೆ. ಬೇರೆಲ್ಲ ತಡವಾಗಬಹುದು, ಇದನ್ನು ಮುಂದಿನ ವರ್ಷದ ಆಪ್ಷನ್ ಎಂಟ್ರಿಗೇ ಹಾಕಬಹುದು.

ತಮ್ಮನ ಪಟ್ಟಿಯಲ್ಲಿ ಈಗ ಹದಿನಾಲ್ಕು ಕಾಲೇಜು ಇವೆ. ಮೂರರದ್ದು ಮಾತ್ರ ನನಗೆ ನಂಬುವಂಥ ಅಂಕಿ ಸಿಕ್ಕಿತು. ಉಳಿದ ಹನ್ನೊಂದಕ್ಕೂ ಆಫೀಸಿನ ಊಟದ ಹೊತ್ತಲ್ಲಿ ಒಂದೊಂದಾಗಿ ಫೋನ್ ಮಾಡಿದೆ. ಕೆಲವರು ಎತ್ತಲಿಲ್ಲ. ಒಂದು ಕಡೆ ಪ್ಲೇಸ್‌ಮೆಂಟ್ ಆಫೀಸರ್ ರಜೆಯಲ್ಲಿದ್ದಾರೆ ಅಂದರು. ಇನ್ನೊಂದು ಕಡೆ ಹೈಯೆಸ್ಟ್ ಪ್ಯಾಕೇಜ್ ಬೇಕಾದರೆ ಈಗಲೇ ಹೇಳುತ್ತೇವೆ, ಮೀಡಿಯನ್ ಅಂದರೆ ಏನು ಮೇಡಂ ಅಂತ ಕೇಳಿದರು. ಮತ್ತೊಬ್ಬರು ಹುಡುಗನ ತಂದೆಯನ್ನು ಕರೆದುಕೊಂಡು ಬನ್ನಿ, ಕೂತು ಮಾತಾಡೋಣ, ಫೀಯಲ್ಲಿ ಏನಾದರೂ ಮಾಡೋಣ ಅಂದರು. ಚಿಕ್ಕಪ್ಪ ಭಾನುವಾರ ಹೋಗುತ್ತಾರಂತೆ. ಜೊತೆಗೆ ನಾನೂ ಹೋಗುತ್ತಿದ್ದೇನೆ, ಕಂತಿನ ಲೆಕ್ಕ ಬರೆದ ಹಾಳೆ ಇಟ್ಟುಕೊಂಡು.

ಇಂತಿ,
ತಿಪಟೂರು ಕಡೆಯ ಒಬ್ಬ ಹಳೇ ವಿದ್ಯಾರ್ಥಿನಿ
(ಕಂತು ಬಾಕಿ: 2030ರವರೆಗೆ)